ಕರು ಹಾಕಿದ ಹಸು, ಇನ್ಸುಲಿನ್ ಮತ್ತು ಅಮೈನೋ ಆಮ್ಲ

ಇನ್ಸುಲಿನ್ ಸ್ರವಿಸಲು ರಕ್ತದಲ್ಲಿ ಸಕ್ಕರೆಯೇ ಏರಬೇಕೆಂದಿಲ್ಲ. ಪ್ರೋಟೀನ್ ಜೀರ್ಣವಾಗಿ ಅಮೈನೋ ಆಮ್ಲಗಳು ರಕ್ತಕ್ಕೆ ಸೇರಿದಾಗಲೂ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಎಲ್ಲ ಅಮೈನೋ ಆಮ್ಲಗಳೂ ಈ ಕೆಲಸವನ್ನು ಒಂದೇ ದಾರಿಯಲ್ಲಿ ಮಾಡುವುದಿಲ್ಲ. ಲ್ಯೂಸಿನ್ ಬೀಟಾ ಕೋಶದೊಳಗೆ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಆಗ ಕೋಶದ ಶಕ್ತಿವಾಹಕ ಎಟಿಪಿ ಹೆಚ್ಚಿ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಅರ್ಜಿನಿನ್ ಧನ ವಿದ್ಯುದಂಶ ಹೊತ್ತ ಅಣು. ಅದು ಕೋಶ ಹೊಕ್ಕರೆ ಸಾಕು, ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಅದೇ ಫಲ ಸಿಗುತ್ತದೆ. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಈ ಪ್ರಚೋದನೆ ಇನ್ನೂ ಬಲವಾಗುತ್ತದೆ. ಅಮೈನೋ ಆಮ್ಲಗಳು ಸಕ್ಕರೆ ಏರಿಸುವ ಗ್ಲುಕಗಾನ್ ಹಾರ್ಮೋನನ್ನೂ ಹೊರಡಿಸುವುದರಿಂದ ಬರೀ ಮಾಂಸ ತಿಂದ ನಾಯಿಯ ರಕ್ತದ ಸಕ್ಕರೆ ಕುಸಿಯುವುದಿಲ್ಲ.

ಹೀಗೆ ಬಂದ ಇನ್ಸುಲಿನ್ ತನ್ನನ್ನು ಕರೆತಂದ ಅಮೈನೋ ಆಮ್ಲಗಳಿಗೇ ದಾರಿ ಮಾಡಿಕೊಡುತ್ತದೆ. ಅವು ಸ್ನಾಯುವಿನೊಳಗೆ ಹೋಗಲು ನೆರವಾಗುತ್ತದೆ, ಹೊಸ ಪ್ರೋಟೀನ್ ಕಟ್ಟುವ ವ್ಯವಸ್ಥೆಗೆ ಚಾಲನೆ ಕೊಡುತ್ತದೆ, ಇರುವ ಪ್ರೋಟೀನ್ ಒಡೆಯುವುದನ್ನು ತಡೆಯುತ್ತದೆ. ಯಕೃತ್ತಿನಲ್ಲಿ ಅಮೈನೋ ಆಮ್ಲಗಳು ಗ್ಲೂಕೋಸ್ ಆಗಿ ಕರಗಿಹೋಗದಂತೆಯೂ ನೋಡಿಕೊಳ್ಳುತ್ತದೆ. ಎಳೆ ಹಂದಿಮರಿಗಳ ಮೇಲಿನ ಪ್ರಯೋಗಗಳಲ್ಲಿ ಇನ್ಸುಲಿನ್ ಮತ್ತು ಅಮೈನೋ ಆಮ್ಲ ಎರಡೂ ತಮ್ಮಷ್ಟಕ್ಕೇ ಸ್ನಾಯು ಬೆಳವಣಿಗೆಯನ್ನು ಪ್ರಚೋದಿಸುವುದು ಕಂಡುಬಂದಿದೆ. ವಯಸ್ಸಾದಂತೆ ಈ ಸ್ಪಂದನ ಇಳಿಯುತ್ತದೆ.

ಹಸುವಿನಲ್ಲಿ ಲೆಕ್ಕ ಬೇರೆ. ಮೆಲುಕು ಹಾಕುವ ಪ್ರಾಣಿಯ ಕರುಳಿನಿಂದ ರಕ್ತಕ್ಕೆ ಸೇರುವ ಸಕ್ಕರೆ ಬಹಳ ಕಡಿಮೆ. ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಮೇವು ಮತ್ತು ಕಾಳನ್ನು ಹುದುಗಿಸಿ ಪ್ರೊಪಿಯೋನೇಟ್ ತಯಾರಿಸುತ್ತವೆ. ಯಕೃತ್ತು ಮುಖ್ಯವಾಗಿ ಅದರಿಂದ ಗ್ಲೂಕೋಸ್ ಕಟ್ಟುತ್ತದೆ. ಹಸುವಿಗೆ ಸಿಗುವ ಅಮೈನೋ ಆಮ್ಲಗಳಲ್ಲೂ ದೊಡ್ಡ ಪಾಲು ಬರುವುದು ಇದೇ ಸೂಕ್ಷ್ಮಜೀವಿಗಳ ದೇಹದಿಂದ.

ಕರು ಹಾಕಿದ ಮೊದಲ ವಾರಗಳಲ್ಲಿ ಈ ವ್ಯವಸ್ಥೆ ಅತ್ಯಂತ ಬಿಗುವಿಗೆ ಸಿಲುಕುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ದಿನಕ್ಕೆ 20 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ ಕೆಚ್ಚಲೊಂದಕ್ಕೇ ಸುಮಾರು ಒಂದೂವರೆ ಕಿಲೋ. ಮೇಯುವ ಶಕ್ತಿ ಇನ್ನೂ ಚೇತರಿಸಿಕೊಂಡಿರುವುದಿಲ್ಲ. ಆಗ ದೇಹ ಇನ್ಸುಲಿನ್ ಮಟ್ಟವನ್ನೇ ಇಳಿಸುತ್ತದೆ, ಸ್ನಾಯು ಮತ್ತು ಕೊಬ್ಬು ಅದರ ಮಾತಿಗೆ ಕಿವುಡಾಗುತ್ತವೆ. ಕೆಚ್ಚಲಿಗೆ ಗ್ಲೂಕೋಸ್ ಹೀರಲು ಇನ್ಸುಲಿನ್ ಅಪ್ಪಣೆ ಬೇಕಿಲ್ಲವಾದ್ದರಿಂದ ಸಿಕ್ಕಿದ್ದೆಲ್ಲ ಅತ್ತ ಹರಿಯುತ್ತದೆ. ಇನ್ಸುಲಿನ್ ತಡೆ ಸಡಿಲವಾದ ಸ್ನಾಯು ಕರಗತೊಡಗುತ್ತದೆ; ಅದರಿಂದ ಹೊರಟ ಅಮೈನೋ ಆಮ್ಲಗಳಲ್ಲಿ ಒಂದಷ್ಟು ಹಾಲಿನ ಪ್ರೋಟೀನಾದ ಕೇಸಿನ್ ಆಗುತ್ತವೆ, ಇನ್ನೊಂದಷ್ಟು ಯಕೃತ್ತಿನಲ್ಲಿ ಗ್ಲೂಕೋಸ್ ಆಗುತ್ತವೆ. ಇದು ರೋಗವಲ್ಲ, ಕರುವಿಗಾಗಿ ತಾಯಿಯ ದೇಹ ಮಾಡಿಕೊಂಡ ಏರ್ಪಾಡು. ಅತಿಯಾದಾಗ ಮಾತ್ರ ಅದು ಕೀಟೋಸಿಸ್ ಎಂಬ ಕಾಯಿಲೆಯಾಗುತ್ತದೆ.

ಹಳ್ಳಿಗಳಲ್ಲಿ ಪಶುವೈದ್ಯನಾಗಿ ದುಡಿದ ಈ ಲೇಖಕನ ಮುಂದೆ ರೈತರು ಇಟ್ಟ ದೂರು ಹೆಚ್ಚಾಗಿ ಒಂದೇ: ಹಾಲು ಬರುತ್ತದೆ, ಡಿಗ್ರಿ ಬರುವುದಿಲ್ಲ. ಡಿಗ್ರಿ ಎಂದರೆ ಹಾಲಿನ ಎಸ್‌ಎನ್‌ಎಫ್ ತೋರುವ ಅಳತೆ. ಡೈರಿಯಲ್ಲಿ ಎಸ್‌ಎನ್‌ಎಫ್ ಕಡಿಮೆಯಾದರೆ ದರ ಕಡಿಮೆ. ಎಸ್‌ಎನ್‌ಎಫ್ ಎಂದರೆ ಲ್ಯಾಕ್ಟೋಸ್, ಪ್ರೋಟೀನ್, ಖನಿಜ ಸೇರಿದ ಅಂಶ. ಲ್ಯಾಕ್ಟೋಸ್ ಪ್ರಮಾಣ ಹೆಚ್ಚು ಏರಿಳಿಯುವುದಿಲ್ಲ, ವ್ಯತ್ಯಾಸ ಬಹುಮಟ್ಟಿಗೆ ಪ್ರೋಟೀನಿನದು. ಹಾಗಾಗಿ ಮನೆಯವರು ಮಾಡುವ ಮೊದಲ ಕೆಲಸ ಹಿಂಡಿ ಹೆಚ್ಚಿಸುವುದು. ಪ್ರೋಟೀನ್ ಕೊಟ್ಟರೆ ಪ್ರೋಟೀನ್ ಬರುತ್ತದೆ ಎಂಬ ತರ್ಕ ಸಹಜವಾದದ್ದೇ. ಆದರೆ ರಾಗಿ ಹುಲ್ಲು, ಹಸಿ ಮೇವಿನ ಜೊತೆ ಬರೀ ಹಿಂಡಿ ಏರಿಸಿದ ಕೊಟ್ಟಿಗೆಗಳಲ್ಲಿ ಡಿಗ್ರಿ ಅಷ್ಟಕ್ಕಷ್ಟೇ ಉಳಿದದ್ದನ್ನು ಲೇಖಕ ಮತ್ತೆ ಮತ್ತೆ ಕಂಡಿದ್ದಾನೆ. ಕಾರಣ ಸ್ಪಷ್ಟ. ರೂಮೆನ್‌ನಲ್ಲಿ ಶಕ್ತಿ ಸಾಲದಿದ್ದರೆ ಹಿಂಡಿಯ ಪ್ರೋಟೀನ್ ಅಮೋನಿಯಾ ಆಗಿ, ಯಕೃತ್ತಿನಲ್ಲಿ ಯೂರಿಯಾ ಆಗಿ ಮೂತ್ರಕ್ಕೂ ಹಾಲಿಗೂ ಹೋಗುತ್ತದೆ. ಈ ಪರಿವರ್ತನೆಗೂ ಶಕ್ತಿ ಖರ್ಚಾಗುತ್ತದೆ. ಕರುಳು ತಲುಪಿದ ಅಮೈನೋ ಆಮ್ಲಕ್ಕೂ ಇನ್ಸುಲಿನ್ ಬೆಂಬಲ ಇಲ್ಲದಿದ್ದರೆ ಅದು ಸುಟ್ಟುಹೋಗುವ ಸಂಭವವೇ ಹೆಚ್ಚು.

1990ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿಕೊಟ್ಟವು. ರಕ್ತದ ಸಕ್ಕರೆ ಇಳಿಯದಂತೆ ಗ್ಲೂಕೋಸ್ ಹರಿಸುತ್ತಾ ಹಸುಗಳಿಗೆ ಇನ್ಸುಲಿನ್ ಕೊಟ್ಟಾಗ ಹಾಲಿನ ಪ್ರೋಟೀನ್ ಏರಿತು. ಜೊತೆಗೆ ನಾಲ್ಕನೆಯ ಹೊಟ್ಟೆಗೆ ನೇರವಾಗಿ ಕೇಸಿನ್ ಸೇರಿಸಿದಾಗ ಇನ್ನೂ ಏರಿತು. ಕೆಚ್ಚಲಿಗೆ ಪ್ರೋಟೀನ್ ಕಟ್ಟುವ ಸಾಮರ್ಥ್ಯವಿದೆ. ಇನ್ಸುಲಿನ್ ಮತ್ತು ಅಮೈನೋ ಆಮ್ಲ ಒಟ್ಟಿಗೆ ಒದಗಿದಾಗ ಅದು ಹೊರಬರುತ್ತದೆ.

ಕೊಟ್ಟಿಗೆಯಲ್ಲಿ ಇನ್ಸುಲಿನ್ ಏರಿಸುವ ದಾರಿ ಸೂಜಿಯದ್ದಲ್ಲ, ಮೇವಿನದ್ದು. ಮೆಕ್ಕೆಜೋಳದ ನುಚ್ಚು ಪ್ರೊಪಿಯೋನೇಟ್ ಹೆಚ್ಚಿಸುತ್ತದೆ, ಅದು ಗ್ಲೂಕೋಸನ್ನೂ ಇನ್ಸುಲಿನನ್ನೂ ಏರಿಸುತ್ತದೆ, ಸೂಕ್ಷ್ಮಜೀವಿಗಳಿಗೂ ಬಲ ಸಿಕ್ಕು ಅವುಗಳ ಪ್ರೋಟೀನ್ ಹೆಚ್ಚುತ್ತದೆ. ಒಮ್ಮೆಲೇ ಸುರಿದರೆ ಮಾತ್ರ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ; ಹಾಗಾಗಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಒಣ ಮೇವಿನ ಜೊತೆಗೇ ಏರಿಸಬೇಕು. ಡೆಕ್ಸ್‌ಟ್ರೋಸ್ ಬಾಟಲಿ ಹಾಕಿಸಿದರೆ ಹಸು ಅಂದು ಗೆಲುವಾಗಿ ಕಾಣುವುದು ನಿಜ, ಆದರೆ ಏರಿದ ಸಕ್ಕರೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಬಾಯಿಗೆ ಕುಡಿಸುವ ಪ್ರೊಪಿಲೀನ್ ಗ್ಲೈಕಾಲ್ ಯಕೃತ್ತಿನಲ್ಲಿ ಗ್ಲೂಕೋಸ್ ಆಗುವುದರಿಂದ ಕೀಟೋಸಿಸ್ ಚಿಕಿತ್ಸೆಯಲ್ಲಿ ಅದನ್ನು ಕೆಲವು ದಿನ ಮುಂದುವರಿಸುತ್ತಾರೆ.

ಗಬ್ಬದ ಕೊನೆಯ ತಿಂಗಳುಗಳಲ್ಲಿ ಕೊಬ್ಬಿದ ಹಸುವಿನ ಅಂಗಾಂಶಗಳು ಇನ್ಸುಲಿನ್‌ಗೆ ಇನ್ನಷ್ಟು ಮೊಂಡಾಗುತ್ತವೆ. ಅಂಥ ಹಸು ಕರು ಹಾಕಿದ ಮೇಲೆ ಮೇವು ಕಡಿಮೆ ಮಾಡಿ ಬೇಗ ಇಳಿದುಹೋಗುತ್ತದೆ, ಬೆದೆಗೂ ತಡವಾಗಿ ಬರುತ್ತದೆ. ಆದ್ದರಿಂದ ಹಾಲಿನ ಡಿಗ್ರಿಯ ಚಿಂತೆ ಇರುವ ರೈತರು ಹಿಂಡಿ ಚೀಲದ ಬೆಲೆ ಕೇಳುವ ಮುನ್ನ, ಹಾಲು ಬತ್ತಿಸಿದ ದಿನದಿಂದಲೇ ಹಸುವಿನ ಸೊಂಟ ಮತ್ತು ಬಾಲದ ಬುಡವನ್ನು ಮುಟ್ಟಿ ಕೊಬ್ಬೆಷ್ಟಿದೆ ಎಂದು ನೋಡುವ ರೂಢಿ ಮಾಡಿಕೊಳ್ಳಬೇಕು.