ಫೋನು ಅಪ್‌ಡೇಟ್ ಆಯಿತು, ವೈಫೈ ಕೈಕೊಟ್ಟಿತು

ನಮ್ಮ ಮನೆ ಗುಡ್ಡದ ಬುಡದಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ತೋಟದ ತಲೆಗೆ ಹತ್ತಬೇಕು. ಫೈಬರ್ ಲೈನು ಬಂದ ಮೇಲೆ ಫೋನು ಕರೆಯೂ ವೈಫೈ ಮೂಲಕವೇ. ಅದಿಲ್ಲದಿದ್ದರೆ ಅಡಿಕೆ ಧಾರಣೆ ಬಿಡಿ, ಅಮ್ಮನಿಗೆ ಹುಷಾರು ತಪ್ಪಿದರೆ ಡಾಕ್ಟರಿಗೆ ಹೇಳಲೂ ದಾರಿಯಿಲ್ಲ.

2020ರ ಮಳೆಗಾಲ. ಆಂಡ್ರಾಯ್ಡ್ 9ರಿಂದ 10ಕ್ಕೆ ಅಪ್‌ಡೇಟ್ ಆದ ಮರುದಿನ ವೈಫೈ ತಡವರಿಸಿತು. 'ಫರ್ಗೆಟ್' ಕೊಟ್ಟು ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ಮತ್ತೆ ಹಿಡಿಯಲೇ ಇಲ್ಲ. ಮಗಳ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇತ್ತು. ಸಿಟ್ಟು ಬಂದು ರೌಟರಿನ ಹಿಂದಿನ ರೀಸೆಟ್ ತೂತಿಗೆ ಸೂಜಿ ಚುಚ್ಚಿದೆ. ಅದೇ ದೊಡ್ಡ ತಪ್ಪು. ಲೈನಿನ ಯೂಸರ್ ಐಡಿಯೂ ಅಳಿಸಿಹೋಯಿತು. ಲೈನಿನವರು ಮಳೆ ನೋಡಿಕೊಂಡು ಮೂರನೇ ದಿನ ಬಂದರು!

ರೀಸೆಟ್ ಆದ ರೌಟರಿಗೆ ಫೋನು ಸೇರಿತು. ಹಿಂದಿನಂತೆ ಮ್ಯಾಕ್ ಫಿಲ್ಟರ್ ಹಾಕಿದೆ, ಪುನಃ ಕಡಿಯಿತು. ಆಗ ಗುಟ್ಟು ತಿಳಿಯಿತು. ಹಸುವಿನ ಕಿವಿಯ ಹಳದಿ ಬಿಲ್ಲೆಯಲ್ಲಿ 12 ಅಂಕಿ ಇದೆಯಲ್ಲ, ಹಾಗೆ ಪ್ರತಿ ಫೋನಿಗೂ 12 ಅಕ್ಷರಗಳ ಮ್ಯಾಕ್ ಸಂಖ್ಯೆ ಇದೆ. ಈ ಸಂಖ್ಯೆ ಹಿಡಿದು ನಾವು ಹೋದಲ್ಲೆಲ್ಲ ಫೋನನ್ನು ಗುರುತಿಸಲು ಸಾಧ್ಯ. ಅದನ್ನು ತಪ್ಪಿಸಲು ಆಂಡ್ರಾಯ್ಡ್ 10ರಿಂದೀಚೆಗೆ, ಐಫೋನಿನಲ್ಲಿ 2020ರ ಐಓಎಸ್ 14ರಿಂದೀಚೆಗೆ, ಫೋನು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಸಂಖ್ಯೆ ಹೇಳುತ್ತದೆ. ನನ್ನ ಪುಸ್ತಕದಲ್ಲಿ ಬರೆದಿಟ್ಟದ್ದು ನಿಜವಾದ ಸಂಖ್ಯೆ. ರೌಟರ್ ಬಾಗಿಲು ಹಾಕಿದ್ದರಲ್ಲಿ ತಪ್ಪೇನಿಲ್ಲ.

ಗುರುತಿಸುವುದು ಸುಲಭ. ಸಂಖ್ಯೆಯ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಫೋನು ಕಟ್ಟಿಕೊಂಡದ್ದು.

ಪರಿಹಾರ ಫೋನಿನಲ್ಲೇ ಇದೆ. ವೈಫೈ ಸೆಟ್ಟಿಂಗಿನಲ್ಲಿ ನಿಮ್ಮ ಮನೆಯ ವೈಫೈ ಹೆಸರು ಒತ್ತಿ, 'ಪ್ರೈವೆಸಿ'ಯಲ್ಲಿ 'ಡಿವೈಸ್ ಮ್ಯಾಕ್' ಆರಿಸಿ. (ಫೋನಿಂದ ಫೋನಿಗೆ ಮಾತು ತುಸು ಬೇರೆ ಇರಬಹುದು.) ಐಫೋನಿನಲ್ಲಿ 'ಪ್ರೈವೇಟ್ ವೈಫೈ ಅಡ್ರೆಸ್' ಆಫ್ ಮಾಡಿ. ಮನೆಯ ವೈಫೈಗೆ ಮಾತ್ರ ಹೀಗೆ ಮಾಡಿದರೆ ಸಾಕು, ಪೇಟೆಯ ಹೋಟೆಲಿನದಕ್ಕೆ ಬೇಡ.

ನಾನಂತೂ ಕೊನೆಗೆ ಫಿಲ್ಟರನ್ನೇ ತೆಗೆದುಬಿಟ್ಟೆ. ಬೇರೆಯವರ ಮ್ಯಾಕ್ ಸಂಖ್ಯೆಯನ್ನು ನಕಲು ಮಾಡುವುದು ತಿಳಿದವರಿಗೆ ಕಷ್ಟವಲ್ಲ. ಅದಕ್ಕಿಂತ ಡಬ್ಲ್ಯುಪಿಎ2 ಇಟ್ಟು ಉದ್ದದ ಪಾಸ್‌ವರ್ಡ್ ಕೊಡುವುದು ವಾಸಿ. ಇದನ್ನು ಬದಲಿಸಲು ಈಗಾಗಲೇ ಸೇರಿರುವ ಇನ್ನೊಂದು ಫೋನೋ ಲ್ಯಾಪ್‌ಟಾಪೋ ಬೇಕು. ಬ್ರೌಸರಿನಲ್ಲಿ 192.168.1.1 ಹೊಡೆದರೆ ಹೆಚ್ಚಿನ ರೌಟರುಗಳ ಪುಟ ತೆರೆಯುತ್ತದೆ. ತೆರೆಯದಿದ್ದರೆ ರೌಟರಿನ ಅಡಿಯ ಚೀಟಿ ನೋಡಿ. ಪುಟದ ಪಾಸ್‌ವರ್ಡ್ ಬೇರೆ, ವೈಫೈಯದ್ದು ಬೇರೆ.

ಲೈನಿನವರು ಬಂದಾಗ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ರೀಸೆಟ್ ತೂತಿಗೆ ನಾನೀಗ ಟೇಪು ಅಂಟಿಸಿದ್ದೇನೆ.