ಋತ್ವಿಕ್ ಘಟಕ್: ಒಡೆದ ನೆಲ, ಒಡೆದ ಮನೆಗಳು

ಒಬ್ಬನೇ ನಿರ್ದೇಶಕನ ನಾಲ್ಕಾರು ಚಿತ್ರಗಳನ್ನು ಸಾಲಾಗಿ ನೋಡಿದರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಥೆ ಬೇರೆ, ಪಾತ್ರ ಬೇರೆ, ನೋವು ಮಾತ್ರ ಅದೇ. ಇದೇಕೆ ಹೀಗೆ ಎಂದು ತಿಳಿಯಬಯಸುವ ಹೊಸ ನೋಡುಗರಿಗೆ ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅವರಿಂದ ಕಲಿಯುವುದು ಬಹಳಷ್ಟಿದೆ.

ಮೊದಲು ಬದುಕನ್ನು ನೋಡೋಣ. ಘಟಕ್ ಹುಟ್ಟಿದ್ದು 1925ರಲ್ಲಿ, ಢಾಕಾದಲ್ಲಿ. ಅವರಿಗೊಬ್ಬ ಅವಳಿ ಸೋದರಿ ಇದ್ದರು. 1943ರ ಭೀಕರ ಬರಗಾಲವನ್ನು ಹರೆಯದಲ್ಲೇ ಕಂಡರು. 1947ರ ವಿಭಜನೆಯಿಂದ ಹುಟ್ಟಿದ ನೆಲವೇ ಪರದೇಶವಾಯಿತು. ಎಡಪಂಥೀಯ ರಂಗಬಳಗವಾದ ಇಪ್ಟಾದಲ್ಲಿ ದುಡಿದರು. ಅಲ್ಲಿನ ಒಡಕನ್ನೂ ಅನುಭವಿಸಿದರು.

ಈಗ ಚಿತ್ರಗಳಿಗೆ ಬರೋಣ. 'ಮೇಘೆ ಢಾಕಾ ತಾರಾ' (1960) ನಿರಾಶ್ರಿತ ಕುಟುಂಬವೊಂದರ ಕಥೆ. ಹಿರಿಮಗಳು ನೀತಾ ದುಡಿದು ದುಡಿದು ಸವೆಯುತ್ತಾಳೆ; ಅವಳ ಸಂಕಟವನ್ನು ನಿಜವಾಗಿ ಅರಿಯುವವನು ಅಣ್ಣ ಶಂಕರ. 'ಸುವರ್ಣರೇಖಾ'ದಲ್ಲಿ ಅಣ್ಣನೊಬ್ಬ ಪುಟ್ಟ ತಂಗಿಯನ್ನು ತಾನೇ ಸಾಕುತ್ತಾನೆ. ವರ್ಷಗಳ ಬಳಿಕ ಕುಡಿದ ಅಮಲಿನಲ್ಲಿ, ಅರಿಯದೆ, ಅದೇ ತಂಗಿಯ ಬಾಗಿಲಿಗೆ ಗಿರಾಕಿಯಾಗಿ ಬರುತ್ತಾನೆ. ನೆಲ ಒಡೆದರೆ ರಕ್ತಸಂಬಂಧವೂ ಒಡೆಯುತ್ತದೆ ಎಂಬುದನ್ನು ಘಟಕ್ ಅಣ್ಣ-ತಂಗಿಯರ ಮೂಲಕವೇ ಹೇಳುತ್ತಾರೆ.

'ಕೋಮಲ್ ಗಾಂಧಾರ್' (1961) ಒಡಕು ಮೂಡಿದ ನಾಟಕ ತಂಡದ ಕಥೆ. ಅದರ ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ನಾಯಕ, ನಾಯಕಿ ಪದ್ಮಾ ನದಿಯ ದಡದಲ್ಲಿ ನಿಂತಿದ್ದಾರೆ. ಆಚೆ ದಡದಲ್ಲಿರುವುದು ಅವರ ಊರು. ಚಿತ್ರದ ಕಾಲಕ್ಕೆ ಅದು ಪೂರ್ವ ಪಾಕಿಸ್ತಾನ. ಹಿಂದೆ ಎರಡು ದಡಗಳನ್ನು ಬೆಸೆಯುತ್ತಿದ್ದ ರೈಲು ಹಳಿ ಇಲ್ಲಿಗೇ ನಿಂತಿದೆ. ಕ್ಯಾಮೆರಾ ಆ ಹಳಿಯ ಮೇಲೆ ರಭಸದಿಂದ ನುಗ್ಗಿ ಕೊನೆಯ ತಡೆಗೆ ಬಡಿಯುತ್ತದೆ, ತೆರೆ ಕಪ್ಪಾಗುತ್ತದೆ. ವಿಭಜನೆಯ ಬಗ್ಗೆ ಭಾಷಣ ಬೇಕಾಗುವುದಿಲ್ಲ, ಆ ಪೆಟ್ಟು ನೋಡುಗರ ಎದೆಗೇ ಬೀಳುತ್ತದೆ.

ಹಾಗೆಂದು ಪ್ರತಿ ಪಾತ್ರದಲ್ಲೂ ನಿರ್ದೇಶಕನ ಆತ್ಮಕಥೆಯನ್ನು ಹುಡುಕಬೇಡಿ. ನೀತಾಳ ಕಥೆ ಮೂಲತಃ ಶಕ್ತಿಪದ ರಾಜಗುರು ಅವರದು. ಬಾಂಗ್ಲಾದೇಶದಲ್ಲಿ ಚಿತ್ರೀಕರಿಸಿದ 'ತಿತಾಶ್ ಏಕ್ಟಿ ನದೀರ್ ನಾಮ್' (1973) ಮೀನುಗಾರರ ಬದುಕನ್ನು ಕುರಿತ ಅದ್ವೈತ ಮಲ್ಲಬರ್ಮನ್ ಅವರ ಕಾದಂಬರಿಯಿಂದ ಬಂದದ್ದು. ಆದರೆ ನೂರಾರು ಕಥೆಗಳ ನಡುವೆ ಘಟಕ್ ಆರಿಸಿಕೊಂಡದ್ದು ಇಂಥವನ್ನೇ: ನೆಲೆ ತಪ್ಪಿದ ಮನೆ, ಬತ್ತುವ ನದಿ, ಚದುರಿಹೋಗುವ ಸಮುದಾಯ. ಬದುಕಿನ ಪ್ರಭಾವ ಆ ಆಯ್ಕೆಯಲ್ಲೇ ಕಾಣುತ್ತದೆ. ನೇರ ಆತ್ಮಕಥನಕ್ಕೆ ಹತ್ತಿರವಾದದ್ದು ಕೊನೆಯ ಚಿತ್ರ 'ಜುಕ್ತಿ ತಕ್ಕೊ ಆರ್ ಗಪ್ಪೊ' (1974). ಕುಡಿತದಲ್ಲಿ ಮುಳುಗಿದ ಬುದ್ಧಿಜೀವಿ ನೀಲಕಂಠನ ಪಾತ್ರದಲ್ಲಿ ಅವರೇ ನಟಿಸಿದರು. 1976ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲಿಂದ ಶುರುಮಾಡಬೇಕು? 'ಮೇಘೆ ಢಾಕಾ ತಾರಾ'ದಿಂದ. ಮೊದಲ ಸಲ ಕಥೆಗೆ ಮನಸ್ಸು ಕೊಡಿ. ಎರಡನೆಯ ಸಲ ಸದ್ದಿಗೆ ಕಿವಿಗೊಡಿ: ಪ್ರೀತಿಸಿದವನು ಕೈಬಿಟ್ಟನೆಂದು ತಿಳಿದು ನೀತಾ ಮೆಟ್ಟಿಲಿಳಿಯುವಾಗ ಚಾಟಿಯೇಟಿನ ಶಬ್ದ ಕೇಳುತ್ತದೆ. ಆಮೇಲೆ ಘಟಕ್ ಅವರ ಜೀವನವನ್ನು ಓದಿ. ವಿಭಜನೆಯ ನೋವು ಲಕ್ಷಾಂತರ ಜನರ ಪಾಲಿಗೆ ಬಂದಿತ್ತು. ಅದಕ್ಕೆ ಆ ಚಾಟಿಯ ಸದ್ದನ್ನು, ಆ ತುಂಡಾದ ಹಳಿಯನ್ನು ಹುಡುಕಿಕೊಟ್ಟದ್ದು ಘಟಕ್ ಅವರ ಕಲೆ. ಯಾವ ನಿರ್ದೇಶಕರನ್ನು ಓದುವಾಗಲೂ ಈ ಎರಡನ್ನೂ ಒಟ್ಟಿಗೇ ಕೇಳಿಕೊಳ್ಳಿ: ಬದುಕು ಇವರಿಗೆ ಏನು ಕೊಟ್ಟಿತು, ಇವರು ಅದನ್ನು ಏನು ಮಾಡಿದರು?