ಉಬ್ಬಸವನ್ನು ಬಚ್ಚಿಡಬೇಡಿ, ಮಕ್ಕಳೇ



ಟಿ. ದಾಸರಹಳ್ಳಿಯಲ್ಲಿ ಬೆಳೆಯುತ್ತಿರುವ ನಿಮಗೆ ಗಾಳಿಯ ವಿಷಯ ನಾನು ಹೊಸದಾಗಿ ಹೇಳಬೇಕಿಲ್ಲ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಹಗಲಿರುಳೂ ಲಾರಿ ಓಡುವ ತುಮಕೂರು ರಸ್ತೆ. ಚಳಿಗಾಲದ ಬೆಳಿಗ್ಗೆಯಂತೂ ಹೊಗೆ, ದೂಳು ಮೇಲೇಳದೆ ನೆಲಮಟ್ಟದಲ್ಲೇ ನಿಂತಿರುತ್ತದೆ. ಆಗ ನಿಮಗೆ ಎದೆ ಬಿಗಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನವರನ್ನು ವರ್ಷಾನುಗಟ್ಟಲೆ ಗಮನಿಸಿದ್ದರು. 1979ರಲ್ಲಿ ಅವರಲ್ಲಿ ಶೇ 9ರಷ್ಟು ಮಂದಿಗೆ ಅಸ್ತಮಾ ಇತ್ತು. 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ನೀವು ಒಂಟಿಯಲ್ಲ.

ಆದರೂ ಬಚ್ಚಿಡುತ್ತೀರಿ. ಮೇಷ್ಟರಾಗಿದ್ದಾಗ ನಾನು ಎಷ್ಟೋ ಸಲ ಕಂಡದ್ದು ಇದನ್ನೇ: ಆಟದ ಪೀರಿಯಡ್‌ನಲ್ಲಿ ಗೆಳೆಯರ ವಾಚು, ನೀರಿನ ಬಾಟಲಿ ಕಾಯುತ್ತ ಕಟ್ಟೆಯ ಮೇಲೆ ಕೂತ ಹುಡುಗ. ಕೇಳಿದರೆ "ಕಾಲು ನೋವು ಸಾರ್" ಎನ್ನುತ್ತಾನೆ. ಇನ್ಹೇಲರ್ ಮಾತ್ರ ಬ್ಯಾಗಿನ ತಳದಲ್ಲಿ, ಕರ್ಚೀಫಿನೊಳಗೆ. ಹುಡುಗಿಯರಿಗೆ ಮನೆಯಿಂದಲೇ ತಾಕೀತು: "ಯಾರಿಗೂ ಹೇಳ್ಬೇಡ, ನಾಳೆ ಸಂಬಂಧ ಸಿಗಲ್ಲ."

ಅಸ್ತಮಾ ಉಸಿರನ್ನಷ್ಟೇ ಹಿಡಿಯುವುದಿಲ್ಲ. 1996ರಲ್ಲಿ ಸಂಶೋಧಕಿ ಎಲಿಜಬೆತ್ ಜೂನಿಪರ್ ಮತ್ತು ಸಂಗಡಿಗರು ಅಸ್ತಮಾ ಇರುವ 7ರಿಂದ 17 ವರ್ಷದ ಮಕ್ಕಳಿಗೆಂದು 23 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಕೆಮ್ಮು, ಉಬ್ಬಸದ ಜೊತೆಗೆ ಆಟಕ್ಕಾಗುವ ಅಡ್ಡಿ, ಸಿಟ್ಟು, ಅಂಜಿಕೆ, ತಾನು ಬೇರೆ ಎಂಬ ನೋವನ್ನೂ ಅದು ಕೇಳುತ್ತದೆ. ನೀವೂ ಕೇಳಿಕೊಳ್ಳಿ: ಈ ವಾರ ರಾತ್ರಿ ಕೆಮ್ಮಿ ಎದ್ದೆನೆ? ಮೆಟ್ರೊ ಮೆಟ್ಟಿಲು ಹತ್ತಿ ನಿಂತುಬಿಟ್ಟೆನೆ? ಆಡುವ ಆಸೆಯಿದ್ದೂ ಬೇಡವೆಂದೆನೆ? ಹೌದಾದರೆ "ನಂಗೆ ಅಭ್ಯಾಸ ಆಗಿದೆ" ಎಂದು ಸುಮ್ಮನಾಗಬೇಡಿ. ಅದನ್ನೇ ಡಾಕ್ಟರಿಗೆ ಹೇಳಿ. ಕಾಯಿಲೆ ಹತೋಟಿಯಲ್ಲಿಲ್ಲವೆಂದು ಅವರಿಗೆ ತಿಳಿಯುವುದು ಅದರಿಂದಲೇ.

ಇನ್ಹೇಲರ್ ಚಟವಾಗುತ್ತದೆಂಬ ಹೆದರಿಕೆ ಬಿಡಿ. ಅದರ ಔಷಧಿಯ ಅಳತೆ ಮೈಕ್ರೊಗ್ರಾಂನಲ್ಲಿ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಅದೂ ನೇರ ಶ್ವಾಸನಾಳಕ್ಕೇ ಹೋಗುತ್ತದೆ. ದಿನವೂ ಎಳೆಯಿರಿ ಎಂದು ಬರೆದುಕೊಟ್ಟದ್ದನ್ನು ಚೆನ್ನಾಗಿದ್ದ ದಿನವೂ ಎಳೆಯಬೇಕು. ಒಳಗಿನ ಊತ ಇಳಿಯುವುದು ಹಾಗೆ. ಎಳೆಯುವ ಮುಂಚೆ ಇನ್ಹೇಲರ್ ಕುಲುಕಿ, ಉಸಿರು ಪೂರ್ತಿ ಹೊರಬಿಡಿ. ಇನ್ಹೇಲರಿಗೆ ಜೋಡಿಸುವ ಕೊಳವೆಗೆ, ಅಂದರೆ ಸ್ಪೇಸರಿಗೆ, ತುಟಿ ಬಿಗಿಹಿಡಿದು ಒತ್ತಿ, ನಿಧಾನ ಒಳಗೆಳೆದು, ಹತ್ತು ಎಣಿಸುವವರೆಗೆ ತಡೆಯಿರಿ. ಆಮೇಲೆ ಬಾಯಿ ಮುಕ್ಕಳಿಸಿ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ, ಉಬ್ಬಸಕ್ಕೆ ಮದ್ದೆಂದು ಮೀನು ನುಂಗಿ ಬರುವವರುಂಟು. ಆ ನಂಬಿಕೆಯ ಮೇಲೆ ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ.

ಮನೆಯಲ್ಲೂ ಬಾಯಿಬಿಟ್ಟು ಕೇಳಿ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡ, ಸೊಳ್ಳೆ ಪರದೆ ಸಾಕು ಅನ್ನಿ. ಅಪ್ಪ ಬೀಡಿ ಸಿಗರೇಟು ಸೇದುತ್ತಿದ್ದರೆ "ಅಪ್ಪಾ, ನನಗೆ ಉಸಿರು ಕಟ್ಟುತ್ತೆ" ಎಂದು ನೇರವಾಗಿ ಹೇಳಿ. ಮಕ್ಕಳು ಹೀಗೆ ಕೇಳಿದ್ದಕ್ಕೆ ಬಿಟ್ಟವರಿದ್ದಾರೆ.

ಆಟ ಬಿಡಬೇಡಿ. ಮೊದಲು ನಿಧಾನ ನಡೆದು ಮೈ ಬೆಚ್ಚಗಾದ ಮೇಲೆ ಓಡಿ. ಆಟಕ್ಕೆ ಮುಂಚೆ ಇನ್ಹೇಲರ್ ಬೇಕೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಪಿ.ಟಿ. ಮೇಷ್ಟರಿಗೆ, ಪಕ್ಕದ ಬೆಂಚಿನ ಗೆಳೆಯನಿಗೆ ನಾಳೆಯೇ ತಿಳಿಸಿ: ಇನ್ಹೇಲರ್ ಯಾವ ಜೇಬಿನಲ್ಲಿದೆ, ಉಬ್ಬಸ ಬಂದರೆ ನನ್ನನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟು ಹೇಳಲು ಎರಡು ನಿಮಿಷ ಸಾಕು. ನಿಮ್ಮ ಜೀವ ಅದರ ಮೇಲೆ ನಿಂತಿರಬಹುದು.